ಕಾಲಂ ಜರುಗಿದರೆ ಮ್ಯಾಕ್ರೋ ಜರುಗುವುದಿಲ್ಲ: ಎಕ್ಸೆಲ್ ಕಾಲಂಗಳನ್ನು ಕೋಡಿನಲ್ಲಿ ಕರೆಯುವ, ಅಂದಗೊಳಿಸುವ ಬಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವುದೇ ಅಡಿಕೆ ಖರೀದಿ ಲೆಕ್ಕವನ್ನು ತೆಗೆದುಕೊಳ್ಳಿ. ತಾರೀಖು, ಸದಸ್ಯ ಸಂಖ್ಯೆ, ಹೆಸರು, ತೂಕ, ದರ, ಮೊತ್ತ, ಬ್ಯಾಂಕ್ ಖಾತೆ ಎಂದು ಏಳು ಕಾಲಂ. ತೂಕ ಇರುವುದು ಡಿ ಕಾಲಮಿನಲ್ಲಿ, ದರ ಇ ಕಾಲಮಿನಲ್ಲಿ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ, ಕರಿಗೋಟು ಎಂದು ತರ ಬರೆಯಲು ಒಂದು ಕಾಲಂ ಬೇಕೆನಿಸಿ ಹೆಸರಿನ ಪಕ್ಕ ಅದನ್ನು ಸೇರಿಸುತ್ತೀರಿ. ತೂಕ ಇ ಕಾಲಮಿಗೆ ಸರಿಯುತ್ತದೆ, ದರ ಎಫ್‌ಗೆ. ಮೊತ್ತದ ಸೂತ್ರ ತನ್ನಷ್ಟಕ್ಕೆ ಬದಲಾಗಿ ಇ ಮತ್ತು ಎಫ್ ಅನ್ನು ಗುಣಿಸುತ್ತದೆ. ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡಿಸಲು ಬರೆದಿಟ್ಟ ಕೋಡ್, ಅಂದರೆ ಮ್ಯಾಕ್ರೋ, ಮಾತ್ರ ಬದಲಾಗುವುದಿಲ್ಲ. ಅದರಲ್ಲಿ "ಡಿ" ಎಂದು ಬರೆದದ್ದು ಎರಡು ಕೊಟೇಶನ್ ಚಿಹ್ನೆಗಳ ನಡುವಿನ ಬರೀ ಅಕ್ಷರ. ಶೀಟಿನಲ್ಲಿ ಏನು ಸರಿಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ.

ಹಾಗಾಗಿ ತೂಕಕ್ಕೆಂದು ಬರೆದ ಅಲಂಕಾರ ತರದ ಕಾಲಮಿಗೆ ಬೀಳುತ್ತದೆ. ಅಲಂಕಾರ ಮಾತ್ರ ತಪ್ಪಿದರೆ ಕಣ್ಣಿಗೆ ಕಂಡೀತು, ಸರಿಪಡಿಸಬಹುದು. ಅದೇ ಮ್ಯಾಕ್ರೋ ಬೆಲೆಯನ್ನೂ ತುಂಬುತ್ತಿದ್ದರೆ ದರ ಇರಬೇಕಾದಲ್ಲಿ ತೂಕ ಅಳಿಸಿಹೋಗುತ್ತದೆ. ಮ್ಯಾಕ್ರೋ ಶೀಟನ್ನು ಬದಲಿಸಿದ ಮೇಲೆ ಅನ್‌ಡೂ ಪಟ್ಟಿ ಖಾಲಿಯಾಗುವುದರಿಂದ ಕಂಟ್ರೋಲ್ + ಝಡ್ ಒತ್ತಿಯೂ ಪ್ರಯೋಜನವಿಲ್ಲ. ಓಡಿಸುವ ಮೊದಲು ಫೈಲಿನ ಒಂದು ಪ್ರತಿ ಉಳಿಸಿಟ್ಟುಕೊಳ್ಳಿ.

ಒಂದು ಸೂಚನೆ: ಇಲ್ಲಿ ಕೋಡನ್ನು ಓದಿ ಹೇಳಿ ಬರೆಸುವಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ನೀವು ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರದಲ್ಲಿ. ಪಟ್ಟಿ, ತೂಕ, ಕೊನೆ ಎಂಬ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದರಾಯಿತು. ಆಲ್ಟ್ + ಎಫ್11 ಒತ್ತಿದರೆ ಕೋಡ್ ಬರೆಯುವ ಕಿಟಕಿ ತೆರೆಯುತ್ತದೆ. ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ ಅದರೊಳಗೆ ಬರೆಯಿರಿ. ಎಫ್5 ಪೂರ್ತಿ ಓಡಿಸುತ್ತದೆ, ಎಫ್8 ಒಂದೊಂದೇ ಸಾಲು. ಕಲಿಯುವಾಗ ಎಫ್8 ಒಳ್ಳೆಯದು, ಯಾವ ಸಾಲು ಯಾವ ಕಾಲಮನ್ನು ಮುಟ್ಟಿತೆಂದು ಕಣ್ಣಾರೆ ಕಾಣುತ್ತದೆ. ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಎಂಬ ಬಗೆಯಲ್ಲಿ ಉಳಿಸದಿದ್ದರೆ ಬರೆದ ಕೋಡ್ ಉಳಿಯುವುದಿಲ್ಲ.

ಮೊದಲು ಕಾಲಮನ್ನು ಕರೆಯುವ ದಾರಿಗಳನ್ನು ನೋಡೋಣ. ಈ ಮೂರೂ ಸಾಲು ಡಿ ಕಾಲಮನ್ನೇ ತೋರಿಸುತ್ತವೆ (ಪಟ್ಟಿ ಎಂಬುದು ಕೋಡಿನಲ್ಲಿ ಶೀಟಿಗೆ ಇಟ್ಟ ಹೆಸರು):

ಪಟ್ಟಿ.ಕಾಲಮ್ಸ್("ಡಿ")
ಪಟ್ಟಿ.ಕಾಲಮ್ಸ್(4)
ಪಟ್ಟಿ.ರೇಂಜ್("ಡಿ:ಡಿ")

ಅಕ್ಷರಕ್ಕೆ ಕೊಟೇಶನ್ ಬೇಕು, ಸಂಖ್ಯೆಗೆ ಬೇಡ. ಸಾಲಾಗಿರುವ ಕಾಲಂಗಳಿಗೆ ಕಾಲಮ್ಸ್("ಬಿ:ಡಿ") ಎಂದರೆ ಸಾಕು. ಬಿಟ್ಟುಬಿಟ್ಟು ಇರುವ ಬಿ ಮತ್ತು ಎಫ್ ಎರಡನ್ನೇ ಹಿಡಿಯಬೇಕಾದರೆ ರೇಂಜ್("ಬಿ:ಬಿ,ಎಫ್:ಎಫ್") ಎಂದೇ ಬರೆಯಬೇಕು, ಅಲ್ಪವಿರಾಮವಿಟ್ಟ ಪಟ್ಟಿಯನ್ನು ಕಾಲಮ್ಸ್ ಒಪ್ಪುವುದಿಲ್ಲ. ಮೊದಲ ಕಾಲಮಿನ ಸಂಖ್ಯೆ ಗೊತ್ತಿದ್ದು ಅಲ್ಲಿಂದ ಮೂರು ಕಾಲಂ ಬೇಕೆಂದಾಗ ಕಾಲಮ್ಸ್(4).ರೀಸೈಜ್(, 3) ಅನುಕೂಲ. ಆವರಣದೊಳಗಿನ ಮೊದಲ ಅಲ್ಪವಿರಾಮ ಮರೆತರೆ 3 ಎಂಬುದು ಸಾಲುಗಳ ಲೆಕ್ಕವಾಗಿ ಬಿಡುತ್ತದೆ.

ತುಂಬ ಜನ ಎಡವುವ ಒಂದು ಜಾಗ ಉಂಟು. ರೇಂಜ್("ಸಿ5:ಎಚ್200").ಕಾಲಮ್ಸ್(1) ಎಂದರೆ ಎ ಕಾಲಂ ಅಲ್ಲ, ಸಿ. ಯಾವುದಾದರೂ ವ್ಯಾಪ್ತಿಯ ಹಿಂದೆ ಕಾಲಮ್ಸ್ ಬಂದರೆ ಎಣಿಕೆ ಆ ವ್ಯಾಪ್ತಿಯ ಎಡ ಅಂಚಿನಿಂದ ಶುರು. ಇಡೀ ಕಾಲಂ ಸಿಗುವುದೂ ಇಲ್ಲ, 5ರಿಂದ 200ರವರೆಗಿನ ತುಂಡು ಮಾತ್ರ.

ಮೊದಲ ಮೂರು ಸಾಲುಗಳಲ್ಲಿ ಮುಂದೆ ಪಟ್ಟಿ ಎಂದು ಶೀಟಿನ ಹೆಸರಿದೆ, ಉಳಿದವಕ್ಕೂ ಅದನ್ನು ಸೇರಿಸಿಯೇ ಬರೆಯಬೇಕು. ಅದಿಲ್ಲದೆ ಬರೀ ಕಾಲಮ್ಸ್("ಡಿ") ಎಂದು ಮಾಡ್ಯೂಲಿನಲ್ಲಿ ಬರೆದರೆ ಆ ಹೊತ್ತಿಗೆ ತೆರೆದಿರುವ ಶೀಟಿನ ಡಿ ಎಂದರ್ಥ. ಖರೀದಿ ಪಟ್ಟಿಗೆ ಬರೆದದ್ದು, ಮಾರಾಟದ ಶೀಟ್ ತೆರೆದಿದ್ದರೆ ಅಲ್ಲಿಗೆ ತಗಲುತ್ತದೆ. ಅರ್ಧ ಬರೆದರೆ ಇನ್ನೊಂದು ತೊಂದರೆ: ಪಟ್ಟಿ.ರೇಂಜ್(ಸೆಲ್ಸ್(5, 4), ಸೆಲ್ಸ್(90, 4)) ಎಂಬಲ್ಲಿ ಹೊರಗಿನ ರೇಂಜ್ ಒಂದು ಶೀಟಿನದು, ಒಳಗಿನ ಸೆಲ್ಸ್ ತೆರೆದಿರುವ ಶೀಟಿನವು. ಎರಡೂ ಬೇರೆಯಾದ ದಿನ 1004 ಎಂಬ ದೋಷ ಬರುತ್ತದೆ. ಒಂದೇ ಆಗಿದ್ದ ದಿನ ಸುಸೂತ್ರವಾಗಿ ಓಡುತ್ತದೆ. ಹೀಗೆ ದಿನಕ್ಕೊಂದು ರೀತಿ ವರ್ತಿಸುವ ಮ್ಯಾಕ್ರೋ ಕಂಡರೆ ಮೊದಲು ಇದನ್ನೇ ಹುಡುಕಿ. ಸೆಲ್ಸ್‌ಗೂ ಪಟ್ಟಿ. ಎಂದು ಸೇರಿಸಿದರೆ ಸರಿ.

ಈ ಪಟ್ಟಿ ಎಂಬ ಹೆಸರು ಎಲ್ಲಿಂದ ಬಂತು? ಶೀಟಿನ ಕೆಳಗಿನ ಟ್ಯಾಬಿನಲ್ಲಿ "ಖರೀದಿ" ಎಂದು ಕನ್ನಡದಲ್ಲಿ ಬರೆದಿರಬಹುದು, ಎಕ್ಸೆಲ್‌ಗೆ ಅದೇನೂ ಕಷ್ಟವಲ್ಲ. ಕಷ್ಟ ಕೋಡ್ ಕಿಟಕಿಗೆ. ಅದು ಯುನಿಕೋಡ್ ಬರುವ ಮೊದಲಿನ ಅಕ್ಷರ ವ್ಯವಸ್ಥೆಯಲ್ಲೇ ಉಳಿದಿದೆ, ಆ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಜಾಗವೇ ಇಲ್ಲ. ಕನ್ನಡ ಪದವನ್ನು ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೀಳುತ್ತದೆ. ಆದ್ದರಿಂದ ಟ್ಯಾಬಿನ ಹೆಸರನ್ನು ನಂಬದೆ ಶೀಟಿನ ಕೋಡ್‌ನೇಮ್ ಬಳಸಬೇಕು. ಕೋಡ್ ಕಿಟಕಿಯ ಎಡಗಡೆ ಶೀಟನ್ನು ಆರಿಸಿ ಎಫ್4 ಒತ್ತಿ. ಬರುವ ಗುಣಗಳ ಪಟ್ಟಿಯಲ್ಲಿ ಮೇಲ್ಗಡೆ ಆವರಣದೊಳಗೆ ನೇಮ್ ಎಂದಿರುವ ಸಾಲಿನಲ್ಲಿ ಶೀಟ್1 ಇದ್ದದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಪಟ್ಟಿ ಎಂದು ತಿದ್ದಿ. ಇನ್ನು ಟ್ಯಾಬಿನ ಹೆಸರನ್ನು ಯಾರು ಕನ್ನಡಕ್ಕೆ, ಮಲಯಾಳಕ್ಕೆ ಬದಲಿಸಿದರೂ ಮ್ಯಾಕ್ರೋ ಕೆಡುವುದಿಲ್ಲ.

ಶೀಟಿಗೆ ಮಾಡಿದ್ದನ್ನೇ ಕಾಲಮಿಗೂ ಮಾಡಬೇಕು: ಅಕ್ಷರ ಬಿಟ್ಟು ಹೆಸರಿನಿಂದ ಕರೆಯುವುದು. ಆದರೆ ತಲೆಬರಹವನ್ನೇ ಹುಡುಕಿದರೆ ಕಾಸರಗೋಡಿನಂಥ ಎರಡು ಭಾಷೆಯ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಒಂದೇ ಸೆಲ್ಲಿನಲ್ಲಿ ಮೇಲೆ ಕನ್ನಡ, ಆಲ್ಟ್ + ಎಂಟರ್ ಒತ್ತಿ ಕೆಳಗೆ ಮಲಯಾಳ ಬರೆದಿರುತ್ತಾರೆ. ಕನ್ನಡ ಮಾತ್ರ ಇದ್ದರೂ ಕಣ್ಣಿಗೆ ಕಾಣದ ವ್ಯತ್ಯಾಸ ಬರುತ್ತದೆ. "ಕೋಕ" ಎಂಬುದನ್ನೇ ನೋಡಿ. ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮ್ಯಾಕ್ರೋದಲ್ಲಿ ಸಮ ಚಿಹ್ನೆಯಿಟ್ಟು ಹೋಲಿಸಿದರೆ ಅವು ಬೇರೆ ಬೇರೆ ಪದ. ಪದದ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಹೀಗೆಯೇ ಕಾಡುತ್ತದೆ.

ನಮ್ಮ ಮಟ್ಟಿಗೆ ಗಟ್ಟಿಯಾದ ದಾರಿಯೆಂದರೆ ತಲೆಬರಹದ ಮೇಲೆ ಒಂದು ಗುರುತಿನ ಸಾಲು ಇಡುವುದು. 1ನೇ ಸಾಲಿನಲ್ಲಿ ಶೀರ್ಷಿಕೆ, 2ರಲ್ಲಿ ವಿಳಾಸ ಅಥವಾ ತಿಂಗಳು, 3ರಲ್ಲಿ ಪ್ರತಿ ಕಾಲಮಿಗೂ ಇಂಗ್ಲಿಷ್ ಅಕ್ಷರದ ಒಂದು ಪುಟ್ಟ ಗುರುತು: ತಾರೀಖು, ಸದಸ್ಯ, ತೂಕ, ದರ, ಖಾತೆ. 4ರಲ್ಲಿ ಜನ ಓದುವ ಎರಡು ಭಾಷೆಯ ತಲೆಬರಹ, 5ರಿಂದ ಲೆಕ್ಕ. 3ನೇ ಸಾಲನ್ನು ಮರೆಮಾಡಿ. ಯಾರೂ ಅದನ್ನು ಮುಟ್ಟುವುದಿಲ್ಲ, ಕಾಲಂ ಎಲ್ಲಿಗೆ ಸರಿದರೂ ಗುರುತು ಅದರ ಜೊತೆಗೇ ಹೋಗುತ್ತದೆ. ಹುಡುಕುವ ಕೋಡ್ ಹೀಗೆ:

ಫಂಕ್ಷನ್ ಎಲ್ಲಿದೆ(ಗುರುತು ಆ್ಯಸ್ ಸ್ಟ್ರಿಂಗ್) ಆ್ಯಸ್ ಲಾಂಗ್
ಡಿಮ್ ಸಿಕ್ಕಿದ್ದು ಆ್ಯಸ್ ವೇರಿಯಂಟ್
ಸಿಕ್ಕಿದ್ದು = ಅಪ್ಲಿಕೇಶನ್.ಮ್ಯಾಚ್(ಗುರುತು, ಪಟ್ಟಿ.ರೋಸ್(3), 0)
ಇಫ್ ನಾಟ್ ಈಸ್‌ಎರರ್(ಸಿಕ್ಕಿದ್ದು) ದೆನ್ ಎಲ್ಲಿದೆ = ಸಿಕ್ಕಿದ್ದು
ಎಂಡ್ ಫಂಕ್ಷನ್

ಗುರುತು ಸಿಗದಿದ್ದರೆ ಉತ್ತರ 0. ಸಿಕ್ಕಿದ್ದು ಎಂಬುದನ್ನು ವೇರಿಯಂಟ್ ಎಂದೇ ಘೋಷಿಸಬೇಕು, ಏಕೆಂದರೆ ಸಿಗದಾಗ ಮ್ಯಾಚ್ ಕೊಡುವುದು ಸಂಖ್ಯೆಯಲ್ಲ, ಒಂದು ದೋಷದ ಬೆಲೆ. ಅದನ್ನು ಲಾಂಗ್ ಹಿಡಿಯಲಾರದು. ಇಲ್ಲಿ ಅಪ್ಲಿಕೇಶನ್.ಮ್ಯಾಚ್ ಎಂದು ಬರೆದಿದೆ. ನಡುವೆ ವರ್ಕ್‌ಶೀಟ್‌ಫಂಕ್ಷನ್ ಎಂದು ಸೇರಿಸಿದರೆ ಗುರುತು ಸಿಗದ ಕೂಡಲೇ ಮ್ಯಾಕ್ರೋ ಅಲ್ಲೇ ನಿಂತುಬಿಡುತ್ತದೆ. ರೋಸ್(3) ಎಂದು ಇಡೀ ಸಾಲನ್ನು ಕೊಟ್ಟದ್ದಕ್ಕೂ ಕಾರಣವಿದೆ: ಸಾಲು ಎ ಕಾಲಮಿನಿಂದ ಶುರುವಾಗುವುದರಿಂದ ಸಿಕ್ಕ ಸ್ಥಾನವೇ ಕಾಲಂ ಸಂಖ್ಯೆ. ಸಿ3ರಿಂದ ಹುಡುಕಿದರೆ ಎರಡು ಕೂಡಿಸಿಕೊಳ್ಳಬೇಕು.

ಮ್ಯಾಚ್ ಬದಲು ಫೈಂಡ್ ಬಳಸುವವರಿದ್ದಾರೆ. ಮರೆಮಾಡಿದ ಸಾಲಿನಲ್ಲಿ ಅದು ಕೈಕೊಡುತ್ತದೆ. ಲುಕ್‌ಇನ್ ಎಂಬಲ್ಲಿ ಎಕ್ಸ್‌ಎಲ್‌ವ್ಯಾಲ್ಯೂಸ್ ಇದ್ದರೆ ಫೈಂಡ್ ಮರೆಯಾದ ಸೆಲ್‌ಗಳನ್ನು ನೋಡುವುದೇ ಇಲ್ಲ, ಎಕ್ಸ್‌ಎಲ್‌ಫಾರ್ಮುಲಾಸ್ ಎಂದಿದ್ದರೆ ನೋಡುತ್ತದೆ. ಹಿಂದಿನ ಹುಡುಕಾಟದ ಆಯ್ಕೆಗಳನ್ನೂ ಅದು ನೆನಪಿಟ್ಟುಕೊಳ್ಳುವುದರಿಂದ, ಕಂಟ್ರೋಲ್ + ಎಫ್ ಒತ್ತಿ ಯಾರೋ ಬೇರೇನೋ ಹುಡುಕಿದ್ದರೆ ಅದರ ಪರಿಣಾಮ ನಿಮ್ಮ ಕೋಡಿನ ಮೇಲೂ ಆಗುತ್ತದೆ.

ಲೆಕ್ಕವನ್ನು ಕಂಟ್ರೋಲ್ + ಟಿ ಒತ್ತಿ ಟೇಬಲ್ ಮಾಡಿದ್ದರೆ ಇನ್ನೊಂದು ದಾರಿ ಇದೆ: ಪಟ್ಟಿ.ಲಿಸ್ಟ್‌ಆಬ್ಜೆಕ್ಟ್ಸ್(1).ಲಿಸ್ಟ್‌ಕಾಲಮ್ಸ್("ತೂಕ").ಡೇಟಾಬಾಡಿರೇಂಜ್. ತಲೆಬರಹ ಬಿಟ್ಟು ಲೆಕ್ಕದ ಸಾಲುಗಳನ್ನಷ್ಟೇ ಇದು ಹಿಡಿಯುತ್ತದೆ, ಕೊನೆಯ ಸಾಲು ಹುಡುಕುವ ಗೋಜಿಲ್ಲ. ತಲೆಬರಹ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಇದಕ್ಕಿಂತ ಸುಲಭ ಬೇರೆಯಿಲ್ಲ. ಟೇಬಲಿನಲ್ಲಿ ಒಂದೂ ಸಾಲಿಲ್ಲದಾಗ ಡೇಟಾಬಾಡಿರೇಂಜ್ ಎಂಬುದೇ ಇರುವುದಿಲ್ಲ, 91 ಎಂಬ ದೋಷ ಬರುತ್ತದೆ. ತಿಂಗಳ ಮೊದಲ ದಿನ ಮ್ಯಾಕ್ರೋ ಕೆಡುವುದು ಹೆಚ್ಚಾಗಿ ಇದರಿಂದಲೇ.

ಟೇಬಲ್ ಇಲ್ಲದ ಪಟ್ಟಿಗೆ ಕೊನೆಯ ಸಾಲು ಬೇಕು. 2007ರ ನಂತರದ ಎಕ್ಸೆಲ್ ಶೀಟಿನಲ್ಲಿ 16,384 ಕಾಲಂ, 10,48,576 ಸಾಲು. ಇಡೀ ಕಾಲಮಿನ ಸೆಲ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಇನ್ನೂರು ಸಾಲಿನ ಲೆಕ್ಕಕ್ಕೂ ಹತ್ತು ಲಕ್ಷ ಸಲ ಸುತ್ತಬೇಕಾಗುತ್ತದೆ. ಹಾಗಾಗಿ:

ಡಿಮ್ ಕೊನೆ ಆ್ಯಸ್ ಲಾಂಗ್, ತೂಕ ಆ್ಯಸ್ ಲಾಂಗ್
ತೂಕ = ಎಲ್ಲಿದೆ("ತೂಕ")
ಇಫ್ ತೂಕ = 0 ದೆನ್ ಎಕ್ಸಿಟ್ ಸಬ್
ಕೊನೆ = ಪಟ್ಟಿ.ಸೆಲ್ಸ್(ಪಟ್ಟಿ.ರೋಸ್.ಕೌಂಟ್, ತೂಕ).ಎಂಡ್(ಎಕ್ಸ್‌ಎಲ್‌ಅಪ್).ರೋ
ಇಫ್ ಕೊನೆ < 5 ದೆನ್ ಎಕ್ಸಿಟ್ ಸಬ್
ವಿತ್ ಪಟ್ಟಿ.ರೇಂಜ್(ಪಟ್ಟಿ.ಸೆಲ್ಸ್(5, ತೂಕ), ಪಟ್ಟಿ.ಸೆಲ್ಸ್(ಕೊನೆ, ತೂಕ))
.ನಂಬರ್‌ಫಾರ್ಮ್ಯಾಟ್ = "0.000"
.ಹಾರಿಜಾಂಟಲ್‌ಅಲೈನ್‌ಮೆಂಟ್ = ಎಕ್ಸ್‌ಎಲ್‌ರೈಟ್
ಎಂಡ್ ವಿತ್

ನಾಲ್ಕನೇ ಸಾಲು ಶೀಟಿನ ತಳಕ್ಕೆ ಹೋಗಿ ಅಲ್ಲಿಂದ ಮೇಲೆ ಬರುತ್ತಾ ಮೊದಲು ಸಿಗುವ ತುಂಬಿದ ಸೆಲ್ಲಿನಲ್ಲಿ ನಿಲ್ಲುತ್ತದೆ. ಕೊನೆ < 5 ಎಂಬ ಪರೀಕ್ಷೆಯನ್ನು ಬಿಡಬೇಡಿ. ಲೆಕ್ಕ ಖಾಲಿಯಿದ್ದಾಗ ಕೊನೆ ಎಂಬುದು 4 ಆಗುತ್ತದೆ, 5ರಿಂದ 4 ಎಂದರೆ ಎಕ್ಸೆಲ್ ಅದನ್ನು 4ರಿಂದ 5 ಎಂದು ತಿರುಗಿಸಿಕೊಂಡು ತಲೆಬರಹವನ್ನೂ ಹಿಡಿಯುತ್ತದೆ. ಲಾಂಗ್ ಬದಲು ಇಂಟಿಜರ್ ಎಂದರೆ 32,767ಕ್ಕಿಂತ ಮೇಲಿನ ಸಾಲು ಸಂಖ್ಯೆಗೆ ಓವರ್‌ಫ್ಲೋ ದೋಷ. ಇನ್ನೊಂದು ಎಚ್ಚರ: ಫಿಲ್ಟರ್ ಹಾಕಿ ಕೋಕ ಮಾತ್ರ ತೋರಿಸಿರುವಾಗ ಎಂಡ್ ನಿಲ್ಲುವುದು ಕಾಣುವ ಕೊನೆಯ ಸೆಲ್ಲಿನಲ್ಲಿ. ಅದರ ಕೆಳಗಿನ ಮರೆಯಾದ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಫಿಲ್ಟರ್ ತೆಗೆದು ಓಡಿಸಿ.

ಇನ್ನು ಅಂದಗೊಳಿಸುವ ಮಾತು. ಬಹುಪಾಲು ಜನ ಇದನ್ನು ಕಲಿಯುವುದು ಮ್ಯಾಕ್ರೋ ರೆಕಾರ್ಡ್ ಮಾಡಿ. ರೆಕಾರ್ಡರ್ ಬರೆಯುವುದು ಯಾವಾಗಲೂ ಎರಡು ಹೆಜ್ಜೆಯಲ್ಲಿ: ಕಾಲಮ್ಸ್("ಡಿ:ಡಿ").ಸೆಲೆಕ್ಟ್, ಆಮೇಲೆ ಸೆಲೆಕ್ಷನ್ ಮೇಲೆ ಕೆಲಸ. ಇದರಲ್ಲಿ ದೊಡ್ಡ ಹೊಂಡವಿದೆ. 1ನೇ ಸಾಲಿನ ಶೀರ್ಷಿಕೆಗೆಂದು ಎ1ರಿಂದ ಎಚ್1ರವರೆಗಿನ ಸೆಲ್ಲುಗಳನ್ನು ಒಂದಾಗಿಸಿ ಮರ್ಜ್ ಮಾಡಿದ್ದರೆ, ಡಿ ಆರಿಸಿದೊಡನೆ ಆಯ್ಕೆ ಎಯಿಂದ ಎಚ್‌ವರೆಗೂ ಹರಡುತ್ತದೆ. ತೂಕಕ್ಕೆ ಕೊಟ್ಟ ಮೂರು ದಶಾಂಶ ತಾರೀಖಿಗೂ ತಗಲಿ, 15-11-2024 ಎಂದಿದ್ದದ್ದು 45611.000 ಎಂದು ಕಾಣುತ್ತದೆ. ತಾರೀಖು ಹಾಳಾಗಿಲ್ಲ, ಎಕ್ಸೆಲ್ ಒಳಗೆ ಅದನ್ನು ದಿನಗಳ ಎಣಿಕೆಯಾಗಿಯೇ ಇಟ್ಟುಕೊಳ್ಳುವುದು. ಸೆಲೆಕ್ಟ್ ಬಿಟ್ಟು ಕಾಲಮಿಗೇ ನೇರವಾಗಿ ಗುಣ ಹೇಳಿದರೆ ಈ ಹರಡುವಿಕೆ ಇಲ್ಲ. ಮರ್ಜ್ ಕೂಡ ಬೇಡ, ಶೀರ್ಷಿಕೆಯ ಸಾಲಿಗೆ ಹಾರಿಜಾಂಟಲ್‌ಅಲೈನ್‌ಮೆಂಟ್ = ಎಕ್ಸ್‌ಎಲ್‌ಸೆಂಟರ್‌ಅಕ್ರಾಸ್‌ಸೆಲೆಕ್ಷನ್ ಕೊಟ್ಟರೆ ಕಾಣುವುದು ಮರ್ಜ್ ಮಾಡಿದ ಹಾಗೆಯೇ, ಸೆಲ್‌ಗಳು ಬಿಡಿಯಾಗಿಯೇ ಇರುತ್ತವೆ.

ಅಗಲಕ್ಕೆ ಕಾಲಮ್‌ವಿಡ್ತ್. ಅದರ ಅಳತೆ ಸೆಂಟಿಮೀಟರಲ್ಲ, ಮೂಲ ಫಾಂಟಿನ ಸೊನ್ನೆ ಎಂಬ ಅಂಕಿ ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಮಾಮೂಲು ಅಗಲ 8.43, ಹೆಚ್ಚೆಂದರೆ 255. ಹಾಗಾಗಿ 12 ಕೊಟ್ಟರೆ 12 ಅಂಕಿ ಹಿಡಿಸುತ್ತದೆ, 12 ಕನ್ನಡ ಅಕ್ಷರ ಅಲ್ಲ. ಒತ್ತಕ್ಷರವಿರುವ ಹೆಸರಿನ ಕಾಲಮಿಗೆ ಧಾರಾಳವಾಗಿ ಕೊಡಿ. ವಿಡ್ತ್ ಎಂಬ ಇನ್ನೊಂದು ಗುಣ ಇದೆ, ಅದು ಪಾಯಿಂಟ್ ಅಳತೆಯದು, ಓದಬಹುದೇ ಹೊರತು ಬದಲಿಸಲಾಗದು.

ತಾನಾಗಿ ಹೊಂದಿಸಲು ಆಟೋಫಿಟ್. ಪಟ್ಟಿ.ಕಾಲಮ್ಸ್("ಎ").ಆಟೋಫಿಟ್ ಎಂದರೆ ಎ1ರ ಉದ್ದದ ಶೀರ್ಷಿಕೆಗೆ ಸರಿಯಾಗಿ ತಾರೀಖಿನ ಕಾಲಂ ಒಂದು ಗೇಣು ಅಗಲವಾಗುತ್ತದೆ. ಲೆಕ್ಕದ ಭಾಗಕ್ಕೆ ಮಾತ್ರ ಹೇಳಿ: ಪಟ್ಟಿ.ರೇಂಜ್("ಎ4:ಎಚ್200").ಕಾಲಮ್ಸ್.ಆಟೋಫಿಟ್. ಆಗ 4ನೇ ಸಾಲಿನಿಂದ ಕೆಳಗಿನದನ್ನು ಮಾತ್ರ ಅಳೆಯುತ್ತದೆ. ಮರ್ಜ್ ಆದ ಸೆಲ್‌ಗಳನ್ನು ಆಟೋಫಿಟ್ ಗಣಿಸುವುದಿಲ್ಲ. ಸಂಖ್ಯೆಯ ಜಾಗದಲ್ಲಿ ##### ಕಂಡರೆ ಲೆಕ್ಕ ತಪ್ಪಿಲ್ಲ, ಜಾಗ ಸಾಲದು ಎಂದಷ್ಟೇ.

ಹಣದ ಕಾಲಮಿನ ವಿಷಯ ತುಸು ನಿಧಾನವಾಗಿ ನೋಡಬೇಕು. "#,##0.00" ಎಂದು ಕೊಟ್ಟಾಗ ಲಕ್ಷದ ಅಲ್ಪವಿರಾಮ ಬರುವುದೂ ಬಾರದಿರುವುದೂ ವಿಂಡೋಸಿನ ಪ್ರದೇಶದ ಆಯ್ಕೆಯನ್ನು ಅವಲಂಬಿಸಿದೆ. ಭಾರತ ಎಂದಿದ್ದರೆ 12,34,567.00, ಅಮೆರಿಕ ಎಂದಿದ್ದರೆ 1,234,567.00. ಒಂದೇ ಫೈಲ್ ಕುಂಬಳೆಯ ಕಂಪ್ಯೂಟರಿನಲ್ಲಿ ಒಂದು ಬಗೆ, ಮಂಜೇಶ್ವರದಲ್ಲಿ ಇನ್ನೊಂದು ಬಗೆ ಕಂಡರೆ ಕಾರಣ ಇದು. ಎಲ್ಲ ಕಡೆ ಲಕ್ಷ, ಕೋಟಿಯ ಕ್ರಮವೇ ಬೇಕಾದರೆ:

.ನಂಬರ್‌ಫಾರ್ಮ್ಯಾಟ್ = "[>=10000000]##\,##\,##\,##0.00;[>=100000]##\,##\,##0.00;##,##0.00"

ಕೋಟಿಗೆ ಒಂದು ಭಾಗ, ಲಕ್ಷಕ್ಕೆ ಒಂದು, ಉಳಿದದ್ದಕ್ಕೆ ಒಂದು. ಋಣ ಸಂಖ್ಯೆಗಳೆಲ್ಲ ಮೂರನೇ ಭಾಗಕ್ಕೇ ಬೀಳುವುದರಿಂದ ಲಕ್ಷ ದಾಟಿದ ಬಾಕಿಗೆ ಈ ಕ್ರಮ ಸಿಗದು. ಬಾಕಿಯನ್ನು ಬೇರೆ ಕಾಲಮಿನಲ್ಲಿ ಧನ ಸಂಖ್ಯೆಯಾಗಿಯೇ ಬರೆಯುವುದು ಲೇಸು. ರೂಪಾಯಿ ಚಿಹ್ನೆಯೂ ಕೋಡ್ ಕಿಟಕಿಯಲ್ಲಿ ಪ್ರಶ್ನಾರ್ಥಕವಾಗುತ್ತದೆ. ಅದರ ಬದಲು ಸಿಎಚ್‌ಆರ್‌ಡಬ್ಲ್ಯೂ(8377) ಎಂದು ಬರೆದು & ಚಿಹ್ನೆಯಿಂದ ಜೋಡಿಸಿ. ಕನ್ನಡ ಅಕ್ಷರಕ್ಕೂ ಇದೇ ಉಪಾಯ: 3205, 3233, 3263, 3221, 3270 ಎಂಬ ಐದನ್ನು ಹೀಗೆ ಜೋಡಿಸಿದರೆ "ಅಡಿಕೆ" ಎಂದಾಗುತ್ತದೆ. ಉದ್ದದ ಪದಗಳಿಗೆ ಇದು ಸಾಕುಸಾಕಾಗುವ ಕೆಲಸ. ಪದಗಳನ್ನು ಬೇರೊಂದು ಶೀಟಿನಲ್ಲಿ ಬರೆದಿಟ್ಟು ಮ್ಯಾಕ್ರೋ ಅಲ್ಲಿಂದ ಓದುವಂತೆ ಮಾಡುವುದೇ ವಾಸಿ.

ಬ್ಯಾಂಕ್ ಖಾತೆ, ಆಧಾರ್ ಕಾಲಂಗಳಿಗೆ "@" ಎಂಬ ಪಠ್ಯದ ಫಾರ್ಮ್ಯಾಟ್ ಬೇಕು, ಅದೂ ತುಂಬುವ ಮೊದಲೇ. ಮಾಮೂಲು ಸೆಲ್ಲಿನಲ್ಲಿ 12 ಅಂಕಿಯ ಸಂಖ್ಯೆ 1.23457ಇ+11 ಎಂದು ಕಾಣುತ್ತದೆ. ಅಷ್ಟಾದರೆ ಸರಿಪಡಿಸಬಹುದು. ಆದರೆ ಎಕ್ಸೆಲ್ ಸಂಖ್ಯೆಯಲ್ಲಿ ಉಳಿಸುವುದು 15 ಅಂಕಿ ಮಾತ್ರ. 16 ಅಂಕಿಯ ಖಾತೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಆಮೇಲೆ "@" ಕೊಟ್ಟರೆ ಹೋದದ್ದು ಬರುವುದಿಲ್ಲ. ಒಬ್ಬರ ಅಡಿಕೆಯ ಹಣ ಹೋಗಬೇಕಾದ ಖಾತೆಯಿದು, ಇಲ್ಲಿ ಅಸಡ್ಡೆ ಸಲ್ಲದು.

ಇದರ ಎದುರು ದಿಕ್ಕಿನ ತೊಂದರೆಯೂ ಇದೆ. ಬೇರೆ ಸಾಫ್ಟ್‌ವೇರಿನಿಂದ ತಂದ ತೂಕಗಳು ಪಠ್ಯವಾಗಿ ಕೂತಿರುತ್ತವೆ, ಮೊತ್ತ ಹಾಕಿದರೆ ಸೊನ್ನೆ. ನಂಬರ್‌ಫಾರ್ಮ್ಯಾಟ್ ಬದಲಿಸಿದರೆ ಸಾಲದು, ಅದು ತೋರಿಸುವ ಬಗೆಯನ್ನಷ್ಟೇ ಬದಲಿಸುತ್ತದೆ. ಫಾರ್ಮ್ಯಾಟ್ ಕೊಟ್ಟ ನಂತರ ವಿತ್ ಒಳಗೆ .ವ್ಯಾಲ್ಯೂ = .ವ್ಯಾಲ್ಯೂ ಎಂದು ಒಂದು ಸಾಲು ಬರೆದರೆ ಎಕ್ಸೆಲ್ ಅವನ್ನು ಮತ್ತೆ ತುಂಬಿಕೊಂಡು ಸಂಖ್ಯೆಯಾಗಿ ಓದುತ್ತದೆ. ಸೂತ್ರವಿರುವ ಕಾಲಮಿಗೆ ಇದನ್ನು ಮಾಡಬೇಡಿ, ಸೂತ್ರ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ. ತಾರೀಖಿಗೂ ಇದು ಬೇಡ: ಕೋಡಿನ ಮೂಲಕ ಪಠ್ಯವಾಗಿ ಹೋದ 05/04/2024 ಅನ್ನು ಎಕ್ಸೆಲ್ ಅಮೆರಿಕದ ಕ್ರಮದಲ್ಲಿ ಮೇ 4 ಎಂದು ಓದುತ್ತದೆ. ಆ ಕಾಲಮಿಗೆ ಟೆಕ್ಸ್ಟ್‌ಟುಕಾಲಮ್ಸ್ ಬಳಸಿ, ಫೀಲ್ಡ್‌ಇನ್ಫೋ := ಅರೇ(1, 4) ಎಂದು ಕೊಡಿ. 4 ಎಂದರೆ ದಿನ, ತಿಂಗಳು, ವರ್ಷ ಎಂಬ ಕ್ರಮ.

ಫಾಂಟಿನ ಬಗ್ಗೆ ಒಂದೇ ಮಾತು. ಕನ್ನಡ, ಮಲಯಾಳ ಎರಡೂ ಇರುವ ಕಾಲಮಿಗೆ ವಿಂಡೋಸಿನ ಜೊತೆ ಬರುವ ನಿರ್ಮಲಾ ಯುಐ ಸಾಕು, ಎರಡೂ ಲಿಪಿ ಅದರಲ್ಲಿವೆ. ಹಳೆಯ ಫೈಲಿನಲ್ಲಿ ಯುನಿಕೋಡ್ ಅಲ್ಲದ ನುಡಿ ಫಾಂಟಿನ ಬರಹವಿದ್ದರೆ ಮಾತ್ರ ಮ್ಯಾಕ್ರೋದಿಂದ ಫಾಂಟ್ ಬದಲಿಸಬೇಡಿ. ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಹಳೆಯ ಫಾಂಟನ್ನೇ ಮತ್ತೆ ಕೊಟ್ಟರೆ ಓದಲು ಬರುತ್ತದೆ. ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಬೇಕಾದ ಫಾಂಟ್ ಹಾಕಬಹುದು.

ಕಾಲಂ ಅಳಿಸುವಾಗ ಬಲದಿಂದ ಎಡಕ್ಕೆ ಬನ್ನಿ: ಫಾರ್ ಐ = 10 ಟು 1 ಸ್ಟೆಪ್ -1. ಎಡದಿಂದ ಹೋದರೆ 3ನೆಯದನ್ನು ಅಳಿಸಿದಾಗ 4ನೆಯದು 3ರ ಜಾಗಕ್ಕೆ ಬರುತ್ತದೆ, ಐ ಮಾತ್ರ 4ಕ್ಕೆ ಹೋಗಿರುತ್ತದೆ. ಹಾಗೆ ಒಂದು ಕಾಲಂ ತಪ್ಪಿಹೋಗುತ್ತದೆ. ಶೀಟಿಗೆ ಪಾಸ್‌ವರ್ಡ್ ರಕ್ಷಣೆಯಿದ್ದರೆ ಇದಾವುದೂ ನಡೆಯದೆ 1004 ಬರುತ್ತದೆ. ಪಟ್ಟಿ.ಪ್ರೊಟೆಕ್ಟ್ ಜೊತೆ ಯೂಸರ್‌ಇಂಟರ್‌ಫೇಸ್‌ಓನ್ಲಿ := ಟ್ರೂ ಕೊಟ್ಟರೆ ಕೈಯಿಂದ ಬದಲಿಸುವುದು ತಡೆಯುತ್ತದೆ, ಮ್ಯಾಕ್ರೋಗೆ ಬಿಡುತ್ತದೆ. ಫೈಲ್ ಮುಚ್ಚಿದರೆ ಈ ಅನುಮತಿ ಉಳಿಯದ ಕಾರಣ ವರ್ಕ್‌ಬುಕ್_ಓಪನ್ ಎಂಬಲ್ಲಿ ಪ್ರತಿ ಸಲ ಕೊಡಬೇಕು.

ಕೇರಳದ ಶಾಲೆಗಳಲ್ಲಿ ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸರಕಾರಿ ಕೈಟ್ ಸಂಸ್ಥೆಯ ಉಬುಂಟು (ವಿಂಡೋಸ್ ಬದಲಿನ ಕಾರ್ಯವ್ಯವಸ್ಥೆ) ಇರುವುದರಿಂದ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರ ಕೈಯಲ್ಲಿರುವುದು ಎಕ್ಸೆಲ್ ಅಲ್ಲ, ಲಿಬ್ರೆಆಫೀಸ್ ಕ್ಯಾಲ್ಕ್. ಅಲ್ಲಿನ ಬೇಸಿಕ್ ಬೇರೆ. ಮಾಡ್ಯೂಲಿನ ಮೊದಲ ಸಾಲಿನಲ್ಲಿ ಆಪ್ಷನ್ ವಿಬಿಎಸಪೋರ್ಟ್ 1 ಎಂದು ಬರೆದರೆ ಎಕ್ಸೆಲ್ ಕೋಡಿನಲ್ಲಿ ಸಾಕಷ್ಟು ಓಡುತ್ತದೆ, ಎಲ್ಲವೂ ಅಲ್ಲ. ಕ್ಯಾಲ್ಕಿನ ಸ್ವಂತ ರೀತಿಯಲ್ಲಾದರೆ:

ಶೀಟ್ = ದಿಸ್‌ಕಾಂಪೊನೆಂಟ್.ಶೀಟ್ಸ್.ಗೆಟ್‌ಬೈಇಂಡೆಕ್ಸ್(0)
ಶೀಟ್.ಕಾಲಮ್ಸ್.ಗೆಟ್‌ಬೈನೇಮ್("ಡಿ").ವಿಡ್ತ್ = 2500
ಶೀಟ್.ಕಾಲಮ್ಸ್.ಗೆಟ್‌ಬೈಇಂಡೆಕ್ಸ್(3).ಆಪ್ಟಿಮಲ್‌ವಿಡ್ತ್ = ಟ್ರೂ

ಎರಡನೇ, ಮೂರನೇ ಸಾಲು ಎರಡೂ ಡಿ ಕಾಲಮನ್ನೇ ಹಿಡಿಯುತ್ತವೆ, ಏಕೆಂದರೆ ಇಲ್ಲಿ ಎಣಿಕೆ 0ಯಿಂದ. ಅಗಲದ ಅಳತೆ ಮಿಲಿಮೀಟರಿನ ನೂರನೇ ಒಂದು ಭಾಗ, 2500 ಎಂದರೆ ಎರಡೂವರೆ ಸೆಂಟಿಮೀಟರ್. ಎಕ್ಸೆಲ್ ಲೆಕ್ಕದಲ್ಲಿ 12 ಎಂದು ಕೊಟ್ಟು ಅಭ್ಯಾಸವಾದವರು ಇಲ್ಲೂ ಅದನ್ನೇ ಕೊಟ್ಟರೆ ಕಾಲಂ ಕೂದಲೆಳೆಯಷ್ಟು ಸಣ್ಣದಾಗಿ ಕಣ್ಣಿಗೇ ಕಾಣದಂತಾಗುತ್ತದೆ. ಅಳಿಸಿಹೋಯಿತೆಂದು ಗಾಬರಿ ಬೇಡ, ವಿಡ್ತ್‌ಗೆ 2500 ಕೊಟ್ಟು ಮತ್ತೆ ಓಡಿಸಿದರೆ ಮಕ್ಕಳ ಅಂಕಗಳೆಲ್ಲ ಅಲ್ಲೇ ಇರುತ್ತವೆ.